ನಮೂನೆಯಲ್ಲಿ ಜಾಗವಿರದ ಬೀಗದ ಕೈ

ಆ ಇಂಗ್ಲಿಷ್ ಹಳ್ಳಿ ನನಗೆ ಮೂರು ವರ್ಷಗಳಿಂದ ಗೊತ್ತಿತ್ತು. ಆದರೂ ಅದರ ಹೆಸರನ್ನು ಸಭೆಯಲ್ಲಿ ಬಾಯಿಬಿಟ್ಟು ಹೇಳಲು ನನಗೆ ಅರ್ಧ ಗಂಟೆ ಹಿಡಿಯಿತು.

ಸಭೆ ನಡೆದದ್ದು ಟಿಲ್‌ಬರ್ಗ್‌ನಿಂದ ಬಸ್ಸಿನಲ್ಲಿ ನಲವತ್ತು ನಿಮಿಷ ದೂರವಿರುವ ಒಂದು ಸಣ್ಣ ಡಚ್ ಹಳ್ಳಿಯಲ್ಲಿ. ಅಲ್ಲಿನ ಸಮುದಾಯ ಭವನಕ್ಕೆ ಜನ ಬರುತ್ತಿಲ್ಲ, ಆದ್ದರಿಂದ ಅದನ್ನು ಮುಚ್ಚಬೇಕು ಎಂದು ಗೆಮೆಂಟೆ, ಅಂದರೆ ಅಲ್ಲಿನ ಪುರಸಭೆ, ಯೋಚಿಸಿತ್ತು. ಅಂಗಡಿ, ಅಂಚೆ, ಶಾಲೆ ಎಲ್ಲವೂ ಒಂದೊಂದಾಗಿ ಹೋದ ಆ ಊರಿನಲ್ಲಿ ನಾಲ್ಕು ಜನ ಒಂದು ಸೂರಿನಡಿ ಕೂರಬಹುದಾದ ಜಾಗ ಅದೊಂದೇ ಉಳಿದಿತ್ತು. ಹಳ್ಳಿಗಳ ಸೌಲಭ್ಯಗಳನ್ನು ಪರಿಶೀಲಿಸಿ ವರದಿ ಕೊಡುವ ರೈಸ್‌ವೈಕ್‌ನ ಪುಟ್ಟ ಸಂಸ್ಥೆಯೊಂದರಲ್ಲಿ ನಾನು ಕೆಲಸ ಮಾಡುತ್ತೇನೆ. ಭವನವನ್ನು ಉಳಿಸಿಕೊಳ್ಳಲು ಊರಿನ ಸಂಘ ನಮ್ಮನ್ನು ಕರೆದಿತ್ತು. ನನ್ನ ಪಕ್ಕದಲ್ಲಿ ಸಂಘದ ಅಧ್ಯಕ್ಷೆ, ಎಪ್ಪತ್ತು ದಾಟಿದ ಕೋಳಿ ಸಾಕಣೆಗಾರ್ತಿ. ಎದುರಿಗೆ ಗೆಮೆಂಟೆಯ ಆಡಳಿತದಲ್ಲಿ ಇಂಥ ಕಟ್ಟಡಗಳ ಹೊಣೆ ಹೊತ್ತ ವೆಟ್‌ಹೌಡರ್, ಅಂದರೆ ಉಪಮೇಯರ್.

"ಇಂಗ್ಲೆಂಡಿನ ಹಳ್ಳಿಗಳಲ್ಲಿ ಜನರೇ ಎಲ್ಲವನ್ನೂ ನಡೆಸಿಕೊಂಡು ಹೋಗುತ್ತಾರೆ, ರಜೆಯಲ್ಲಿ ನೋಡಿದ್ದೇನೆ," ಎಂದರು ಅವರು. "ಅಂಥ ಒಂದು ಊರನ್ನು ಪರಿಶೀಲಿಸಿ ತೋರಿಸಿ. ಅಲ್ಲಿ ಸರಿಯಾಗಿ ನಡೆಯುತ್ತಿದ್ದರೆ ಇಲ್ಲಿಗೂ ಒಂದು ವರ್ಷ ಕೊಡೋಣ. ಇಲ್ಲದಿದ್ದರೆ ಬಾಗಿಲು ಮುಚ್ಚೋಣ."

"ಅಂಥ ಊರು ನಿಮಗೆ ಗೊತ್ತಾ?" ಎಂದು ಅಧ್ಯಕ್ಷೆ ನನ್ನನ್ನು ಕೇಳಿದರು.

ಗೊತ್ತಿತ್ತು. ನನ್ನ ಉಡುಪಿಯ ಗೆಳತಿ ಅಲ್ಲಿದ್ದಳು. ಒಂದು ಕಾಲದಲ್ಲಿ ನಾವಿಬ್ಬರೂ ಇಲ್ಲಿನ ಬೈಟನ್‌ವೆಲ್ಡರ್ಟ್ ಬಡಾವಣೆಯ ಒಂದೇ ಫ್ಲಾಟಿನಲ್ಲಿ ಇದ್ದವರು. ಲಿಫ್ಟ್ ಕೆಟ್ಟರೆ ಪತ್ರ ಬರೆಯುತ್ತಿದ್ದವಳು ನಾನು, ಬಾಡಿಗೆದಾರರ ಸಭೆ ಕರೆಯುತ್ತಿದ್ದವಳು ನಾನು. ಅವಳು ಹಿಂದಿನ ಸಾಲಿನಲ್ಲಿ ಕುಳಿತು, ಸಭೆ ಮುಗಿದ ಮೇಲೆ ಎಲ್ಲರಿಗೂ ನೀರ್ ದೋಸೆ ಹಂಚುತ್ತಿದ್ದಳು. ಗಂಡನ ಕೆಲಸದ ನಿಮಿತ್ತ ಇಂಗ್ಲೆಂಡಿಗೆ ಹೋದ ಮೇಲೆ ಪ್ರತಿ ಭಾನುವಾರ ಅವಳ ಫೋಟೋಗಳು ಬರತೊಡಗಿದವು. ಊರವರೇ ನಡೆಸುವ ಅಂಗಡಿಯ ಮುಂದೆ ಅವಳು, ಹಾಲ್‌ನಲ್ಲಿ ಐವತ್ತು ಜನರ ನಡುವೆ ಅವಳು, ಪುಸ್ತಕ ತುಂಬಿದ ಹಳೆಯ ಕೆಂಪು ಟೆಲಿಫೋನ್ ಗೂಡಿನೊಳಗೆ ನಗುತ್ತಾ ಅವಳು. ಸಾರ್ವಜನಿಕ ಹಕ್ಕುಗಳ ಬಗ್ಗೆ ಒಂದು ಪುಟವನ್ನೂ ಓದದವಳಿಗೆ ಇದೆಲ್ಲ ಸಿಕ್ಕಿತ್ತು. ಇಷ್ಟು ವರ್ಷ ಅದಕ್ಕಾಗಿಯೇ ಹೋರಾಡಿದ ನನಗೆ ನನ್ನ ಮೆಟ್ಟಿಲ ಎದುರು ಮನೆಯವರ ಹೆಸರೂ ಗೊತ್ತಿರಲಿಲ್ಲ.

ಇದರ ಸರಿಯಾದ ಹೆಸರು ಅಸೂಯೆ. ನಾನು ಓದಿದ ಮೈಸೂರಿನ ಶಾಲೆಯಲ್ಲಿ ಪರೀಕ್ಷೆಗಳಿರಲಿಲ್ಲ. ಬದಲಿಗೆ ಪ್ರತಿ ಶುಕ್ರವಾರ ಮಕ್ಕಳೆಲ್ಲ ವೃತ್ತವಾಗಿ ಕುಳಿತು ಆ ವಾರ ತಾವು ಕಂಡ ಒಂದು ತಪ್ಪನ್ನು ಹೆಸರಿಸಬೇಕಿತ್ತು. ಹಾಗೆ ಬೆಳೆದವಳಾದರೂ ಆ ಸಂಜೆ ನನ್ನ ಹಿಂಜರಿಕೆಗೆ ನಾನಿಟ್ಟ ಹೆಸರು 'ವೃತ್ತಿಯ ಎಚ್ಚರಿಕೆ'. ಅರ್ಧ ಗಂಟೆಯ ನಂತರ, ಬೇರೆ ದಾರಿ ಕಾಣದೆ, ಹಳ್ಳಿಯ ಹೆಸರು ಹೇಳಿದೆ.

ನಮ್ಮ ಪರಿಶೀಲನೆ ನಡೆಯುವುದು ನಾಲ್ಕು ಪುಟಗಳ ಒಂದು ನಮೂನೆಯ ಮೇಲೆ. ಅದನ್ನು ರೂಪಿಸಿದವಳು ನಾನೇ. ಪ್ರತಿಯೊಂದು ಸೌಲಭ್ಯದ ಎದುರಿಗೂ ಮೂರು ಖಾನೆಗಳು: ಕೊರತೆ, ಹೊಣೆಗಾರರು, ಸರಿಪಡಿಸಬೇಕಾದ ದಿನಾಂಕ. ಹೆಸರಿಡದ ಅನ್ಯಾಯ ಎಂದಿಗೂ ಸರಿಹೋಗುವುದಿಲ್ಲ ಎಂಬುದು ಅದರ ಹಿಂದಿನ ನಂಬಿಕೆ. ಈಗಲೂ ನನ್ನ ನಂಬಿಕೆ ಅದೇ. ಡಚ್ ಭವನಕ್ಕೆ ಈ ನಮೂನೆಯನ್ನು ಮೊದಲು ತುಂಬಿದಾಗ ಕೊರತೆಯ ಖಾನೆಗಳು ಬಹುಪಾಲು ಖಾಲಿ ಉಳಿದವು. ಇಳಿಜಾರು ಪ್ರವೇಶ ಇತ್ತು, ತಾನಾಗಿ ತೆರೆಯುವ ಬಾಗಿಲು ಇತ್ತು, ಗಾಲಿಕುರ್ಚಿ ತಿರುಗುವಷ್ಟು ಅಗಲದ ಶೌಚಾಲಯ ಇತ್ತು. ಭವನ ಬೇಕಾದವರು ಮೂರು ವಾರ ಮೊದಲು ಕಂಪ್ಯೂಟರಿನಲ್ಲಿ ಅರ್ಜಿ ಹಾಕಿ, ಉದ್ದೇಶ ತಿಳಿಸಿ, ಬೀಗ ತೆರೆಯುವ ಎಲೆಕ್ಟ್ರಾನಿಕ್ ಬಿಲ್ಲೆಯೊಂದನ್ನು ಪಡೆಯಬೇಕು. 'ಪಾರದರ್ಶಕ, ಸಮಾನ ವ್ಯವಸ್ಥೆ' ಎಂದು ನಾನು ಮೆಚ್ಚಿ ಬರೆದಿದ್ದೆ.

ಅಧ್ಯಕ್ಷೆ ಅದನ್ನು ಕನ್ನಡಕ ಏರಿಸಿ ಓದಿದರು. "ನಿಮ್ಮ ಫಾರಂ ನನ್ನ ಅತ್ತೆಯ ಹಾಗಿದೆ. ಅವರು ಮನೆಗೆ ಬಂದರೆ ಮೊದಲು ಕಪಾಟಿನ ಮೇಲೆ ಬೆರಳಾಡಿಸಿ ಧೂಳು ನೋಡುತ್ತಿದ್ದರು."

"ಧೂಳು ಇರುತ್ತಿತ್ತಾ?"

"ಇರುತ್ತಿತ್ತು. ಅವರು ಹೇಳಿದ್ದು ಯಾವತ್ತೂ ಸುಳ್ಳಾಗಿರಲಿಲ್ಲ. ಆದರೆ ಯಾರೂ ಅವರನ್ನು ಊಟಕ್ಕೆ ಕರೆಯುತ್ತಿರಲಿಲ್ಲ."

ಭಾರತದ ಪಾಸ್‌ಪೋರ್ಟ್ ಹೊಂದಿದ ನನಗೆ ಬ್ರಿಟನ್ನಿನ ವೀಸಾ ಬೇಕಿತ್ತು. ಅದು ಕೈಗೆ ಬರುವಷ್ಟರಲ್ಲಿ ಐದು ವಾರಗಳು ಕಳೆದಿದ್ದವು. ನನ್ನ ಡಚ್ ಸಹೋದ್ಯೋಗಿಗಳು ಪಾಸ್‌ಪೋರ್ಟ್ ಜೇಬಿಗಿಟ್ಟು ಹೊರಟುಬಿಡಬಹುದಾದ ದಾರಿಗೆ ನಾನು ಬೆರಳಚ್ಚು ಕೊಟ್ಟು ಕಾಯಬೇಕಾದದ್ದೂ ಒಂದು ಅನ್ಯಾಯವೇ. ನಮೂನೆಯಲ್ಲಿ ಅದಕ್ಕೆ ಖಾನೆ ಇಲ್ಲದ ಕಾರಣ ಇಲ್ಲಿ ಬರೆಯುತ್ತಿದ್ದೇನೆ. ಮೂರು ಮೂರು ದಿನದ ಎರಡು ಭೇಟಿ ಎಂದು ಯೋಚಿಸಿದ್ದ ಪರಿಶೀಲನೆಯನ್ನು ಮೂರೇ ದಿನಕ್ಕೆ ಇಳಿಸಿ, ಹಗಲಿನ ಹಡಗಿನಲ್ಲಿ ಸಮುದ್ರ ದಾಟಿ, ರೈಲು ಹಿಡಿದು, ಕೊನೆಯ ನಿಲ್ದಾಣದಲ್ಲಿ ಇಳಿದೆ. ಗೆಳತಿ ಕಾರಿನೊಂದಿಗೆ ನಿಂತಿದ್ದಳು.

"ಬಸ್ಸಲ್ಲಿ ಬರ್ತೀನಿ ಅಂದಿದ್ನಲ್ಲೇ. ಬಸ್ಸನ್ನೂ ನಾನು ನೋಡ್ಬೇಕು," ಎಂದೆ.

"ಬಸ್ಸು ಮಂಗಳವಾರ, ಶುಕ್ರವಾರ ಮಾತ್ರ ಉಂಟು ಮಾರಾಯ್ತಿ. ಇವತ್ತು ಬುಧವಾರ. ಹತ್ತು ಕಾರು."

"ವಾರಕ್ಕೆ ಎರಡೇ ದಿನವಾ? ಕಾರಿಲ್ಲದವರು ಏನು ಮಾಡ್ಬೇಕು? ಇದು ಅನ್ಯಾಯ ಅಲ್ವಾ?"

"ಅನ್ಯಾಯವೇ. ಬರ್ಕೊ. ಬರೆದಾದ ಮೇಲೆ ಬೆಲ್ಟ್ ಹಾಕು."

ನೂರು ಮನೆಗಳೂ ಇಲ್ಲದ ಊರು. ಹಳೆಯ ಕಮ್ಮಾರಸಾಲೆಯಲ್ಲಿ ಅಂಗಡಿ, ಎದುರಿಗೆ ಇಗರ್ಜಿ, ವಾರದಲ್ಲಿ ನಾಲ್ಕು ದಿನ ತೆರೆಯುವ ಪಬ್, ಆಟದ ಬಯಲು, ತಗಡಿನ ಮಾಡಿನ ಹಾಲ್. ಎರಡು ದಿನ ಅಳತೆಯ ಚಕ್ರವನ್ನು ಉರುಳಿಸಿಕೊಂಡು ಓಡಾಡಿದೆ. ಅತಿ ದೂರದ ಮನೆಯಿಂದ ಅಂಗಡಿಗೆ ಎಷ್ಟು ಮೀಟರ್, ದಾರಿಯಲ್ಲಿ ಕಾಲುಹಾದಿ ಎಲ್ಲಿ ನಿಂತುಹೋಗುತ್ತದೆ, ಬೆಳಕು ಎಲ್ಲಿಲ್ಲ ಎಂದು ಬರೆದುಕೊಂಡೆ. ಹಾಲ್‌ನ ಹೊಸ್ತಿಲು ಹದಿನಾಲ್ಕು ಸೆಂಟಿಮೀಟರ್ ಎತ್ತರ. ಗಾಲಿಕುರ್ಚಿಯವರು ಬಂದರೆ ಯಾರನ್ನಾದರೂ ಕೂಗಬೇಕು, ಅವರು ಒಂದು ಹಲಗೆ ತಂದು ಇಡಬೇಕು. ಕೂಗಿ ಕರೆಯದೆ ಒಳಹೋಗುವುದು ಅವರ ಹಕ್ಕು ಎಂದು ಬರೆದೆ. ಅಂಗಡಿಯಲ್ಲಿ ಸಂಬಳವಿಲ್ಲದೆ ದುಡಿಯುವವರು ಹೆಚ್ಚಿನಂಶ ನಿವೃತ್ತ ಹೆಂಗಸರು. ಸರ್ಕಾರ ಕೈಬಿಟ್ಟ ಹೊಣೆಯನ್ನು ಅವರ ಬೆನ್ನಿಗೆ ಹೊರಿಸಲಾಗಿದೆ ಎಂದು ಬರೆದೆ. ಇವೆಲ್ಲವೂ ನಿಜ, ಇವೆಲ್ಲವೂ ತಪ್ಪು. ಆದರೆ ಪ್ರತಿಯೊಂದು ಕೊರತೆ ಸಿಕ್ಕಾಗಲೂ ನನ್ನೊಳಗೆ ಒಂದು ಸಣ್ಣ ಹಿಗ್ಗು ಏಳುತ್ತಿತ್ತು. ತಪ್ಪನ್ನು ಕಂಡಾಗ ನೋವಾಗಬೇಕಾದವಳಿಗೆ ಖುಷಿಯಾಗುತ್ತಿತ್ತು.

ಗುರುವಾರ ಗೆಳತಿಯ ಪಾಳಿ. ಗಲ್ಲಾಪೆಟ್ಟಿಗೆಯ ಹಿಂದೆ ಅವಳು ಕುಳಿತಿದ್ದಾಗ ಬಾಗಿಲ ಹಿಂಬದಿಯಲ್ಲಿ ಒಂದು ಮರದ ಸೌಟು ಮೊಳೆಗೆ ತೂಗುತ್ತಿರುವುದನ್ನು ಕಂಡೆ. ಅದಕ್ಕೆ ಒಂದು ಬೀಗದ ಕೈ ಕಟ್ಟಿತ್ತು.

"ಅದು ಹಾಲ್‌ದು," ಎಂದಳು. "ಜೇಬಲ್ಲಿ ಹಾಕ್ಕೊಂಡು ಮರೆತು ಹೋಗ್ಬಾರ್ದು ಅಂತ ಸೌಟಿಗೆ ಕಟ್ಟಿದ್ದು. ಯಾರಿಗೆ ಬೇಕೋ ಅವರು ತಗೊಂಡು ಹೋಗುದು. ಕೆಳಗೆ ಪುಸ್ತಕ ಉಂಟಲ್ಲ, ಅದರಲ್ಲಿ ಹೆಸರು, ಯಾಕೆ ಅಂತ ಬರೀಬೇಕು, ಅಷ್ಟೆ."

ಪುಸ್ತಕ ತೆರೆದೆ. ಬಟ್ಟೆ ಕತ್ತರಿಸಲು ದೊಡ್ಡ ಮೇಜು ಬೇಕಿತ್ತು. ಮನೆಯಲ್ಲಿ ಕರೆಂಟಿಲ್ಲ, ಮಗುವಿಗೆ ಹಾಲು ಬಿಸಿ ಮಾಡಬೇಕು. ನಾಯಿಯ ಹುಟ್ಟುಹಬ್ಬ. ಕೇಕ್ ಸೀದುಹೋಗಿದೆ, ನಿಮ್ಮ ಓವನ್ ಬೇಕು. ಹಾಳೆ ತಿರುವುತ್ತಿದ್ದಾಗ, ಇಂಗ್ಲಿಷ್ ಸಾಲುಗಳ ನಡುವೆ ಗೆಳತಿಯ ಹೆಸರು, ಅದರ ಮುಂದೆ ಕನ್ನಡ ಅಕ್ಷರಗಳಲ್ಲಿ ಒಂದೇ ಪದ: ಸುಮ್ಮನೆ.

"ಇದೇನೇ ಇದು?"

ಅವಳು ಬಗ್ಗಿ ನೋಡಿದಳು. "ಓ, ಅದಾ. ಅಮ್ಮ ಹೋದ ದಿನ. ಫ್ಲೈಟು ಮರುದಿನಕ್ಕೆ ಸಿಕ್ಕಿದ್ದು. ಇವರು ಲಂಡನ್‌ನಲ್ಲಿದ್ರು, ಮನೇಲಿ ಒಬ್ಳೇ ಕೂತ್ಕೊಳ್ಳಿಕ್ಕೆ ಆಗ್ಲಿಲ್ಲ. ಸೌಟು ತಗೊಂಡು ಹೋಗಿ ಹಾಲ್‌ನಲ್ಲಿ ಕೂತೆ. ಯಾಕೆ ಅಂತ ಬರೀಬೇಕಲ್ಲ, ಎಂತ ಬರೆಯುದು? ಸುಮ್ಮನೆ ಅಂತ ಬರ್ದೆ."

"ಆಮೇಲೆ?"

"ಆಮೇಲೆ ಎಂತ. ಪುಸ್ತಕ ನೋಡಿ ಒಬ್ಬೊಬ್ರೇ ಬಂದ್ರು. ಅವರಿಗೆ ಓದ್ಲಿಕ್ಕೆ ಬರ್ಲಿಲ್ಲ. ಅದಕ್ಕೇ ಎಂತದೋ ಆಗಿದೆ ಅಂತ ಗೊತ್ತಾಯ್ತು ಕಾಣ್ತದೆ. ಒಬ್ರು ಸೂಪ್ ತಂದ್ರು. ಯಾರೂ ಎಂತದೂ ಕೇಳ್ಲಿಲ್ಲ, ಕೂತ್ಕೊಂಡ್ರು."

"ನಂಗೆ ಹೇಳ್ಲೇ ಇಲ್ಲ."

"ಅಮ್ಮ ಹೋದ್ರು ಅಂತ ಹೇಳಿದ್ದೆ ಅಲ್ಲ. ಸೂಪಿನ ಕಥೆ ಹೇಳ್ಲಿಲ್ಲ, ಅಷ್ಟೆ. ನೀನು ಆವಾಗ ಎಂತದೋ ಮನವಿ ಪತ್ರದ ಮಂಡೆಬಿಸಿಯಲ್ಲಿದ್ದೆ."

ನನ್ನ ಅಪ್ಪ ತೀರಿಕೊಂಡದ್ದು ಅದೇ ವರ್ಷ. ನಾನು ರೈಸ್‌ವೈಕ್‌ನ ಮನೆಯಲ್ಲಿ ಪರದೆ ಎಳೆದು ಒಂದು ಹಗಲಿಡೀ ಕುಳಿತಿದ್ದೆ. ಕಟ್ಟಡದಲ್ಲಿ ಯಾರಿಗೂ ತಿಳಿಯಲಿಲ್ಲ, ಏಕೆಂದರೆ ತಿಳಿಯುವ ದಾರಿಯೇ ಇರಲಿಲ್ಲ. ಮೈಸೂರಿನಿಂದ ಮರಳಿದ ವಾರ ಕೆಳಗಿನ ಮನೆಯವರು ಬಾಗಿಲು ತಟ್ಟಿದ್ದು ಸೈಕಲ್ ನಿಲ್ಲಿಸುವ ಜಾಗದ ಬಗ್ಗೆ ಕೇಳಲು. ಅಂಗಡಿಯ ಬಾಗಿಲ ಹಿಂದೆ ಆ ಪುಸ್ತಕ ಹಿಡಿದು ನಿಂತಾಗ ನಾನು ಗೆಳತಿಯ ದುಃಖದ ಮೇಲೂ ಹೊಟ್ಟೆಕಿಚ್ಚುಪಟ್ಟೆ. ಅದನ್ನು ಇಷ್ಟು ಬಿಡಿಸಿ ಬರೆಯುವುದು ಸುಲಭವಲ್ಲ. ಆದರೆ ಮುಂದೆ ನಡೆದದ್ದೆಲ್ಲ ಅಲ್ಲಿಂದಲೇ ಹೊರಟಿತು.

ಮರುದಿನ ಬೆಳಿಗ್ಗೆ ಅವಳ ಅಡುಗೆಮನೆಯ ಮೇಜಿನ ಮೇಲೆ, ಅವಳೇ ಮಾಡಿಟ್ಟ ಕಾಫಿ ಕುಡಿಯುತ್ತಾ, ನಮೂನೆಯಲ್ಲಿ ಹೀಗೆ ಬರೆದೆ: 'ಹಾಲ್‌ನ ಬೀಗದ ಕೈ ಯಾರ ಕೈಗಾದರೂ ಸಿಗುವಂತೆ ತೂಗುಹಾಕಲಾಗಿದೆ. ಪ್ರವೇಶಕ್ಕೆ ನಿಯಂತ್ರಣವಿಲ್ಲ. ಬಳಸುವವರ ಖಾಸಗಿ ವಿವರಗಳು ತೆರೆದ ಪುಸ್ತಕದಲ್ಲಿವೆ. ಹೊಣೆಗಾರರು: ಹಾಲ್ ಸಮಿತಿ. ದಿನಾಂಕ: ತಕ್ಷಣ.' ಒಂದು ಅಕ್ಷರವೂ ಸುಳ್ಳಲ್ಲ. ಬರೆದು ಮುಗಿಸಿದಾಗ ಬಹಳ ದಿನಗಳ ನಂತರ ಮನಸ್ಸು ಹಗುರವಾಯಿತು.

ನಮ್ಮ ಕ್ರಮದಂತೆ ವರದಿಯ ಒಂದು ಪ್ರತಿ ಗೆಮೆಂಟೆಗೆ, ಇನ್ನೊಂದು ಪರಿಶೀಲಿಸಲಾದ ಊರಿಗೆ ಹೋಯಿತು. ಭವನದ ವಿಷಯ ಚರ್ಚೆಗೆ ಬರುವ ಗೆಮೆಂಟೆಯ ಸಮಿತಿ ಸಭೆಗೆ ಒಂದು ವಾರ ಇರುವಾಗ ವೆಟ್‌ಹೌಡರ್ ಸಿದ್ಧಪಡಿಸಿದ ಪ್ರಸ್ತಾವ ಪ್ರಕಟವಾಯಿತು. ಅದರ ಸಾರ ಇಷ್ಟು: ಪರಿಶೀಲಕರ ಪ್ರಕಾರ ನಮ್ಮ ಭವನದಲ್ಲಿ ಕೊರತೆಯೇ ಇಲ್ಲ, ಆದರೂ ಜನ ಬರುವುದಿಲ್ಲ, ಅಂದರೆ ಜನರಿಗೆ ಅದು ಬೇಡ. ಇಂಗ್ಲೆಂಡಿನ ಮಾದರಿ, ಅದೇ ಪರಿಶೀಲಕರ ಪ್ರಕಾರ, ಅಸುರಕ್ಷಿತ. ಆದ್ದರಿಂದ ಮುಚ್ಚುವುದೇ ಸೂಕ್ತ. ನನ್ನ ವಾಕ್ಯಗಳನ್ನು ಅವರು ತಿರುಚಿರಲಿಲ್ಲ. ತಿರುಚುವ ಅಗತ್ಯವೇ ಬಿದ್ದಿರಲಿಲ್ಲ.

ಅಧ್ಯಕ್ಷೆ ಫೋನ್ ಮಾಡಿದರು. ಬೈಯಲಿಲ್ಲ. "ಓದಿದೆ," ಎಂದಷ್ಟೇ ಹೇಳಿ, "ಕೋಳಿಗಳಿಗೆ ನೀರು ಹಾಕಬೇಕು," ಎಂದು ಇಟ್ಟುಬಿಟ್ಟರು.

ಎರಡು ದಿನಗಳ ನಂತರ ಗೆಳತಿಯ ಕರೆ ಬಂತು.

"ನಿನ್ನ ರಿಪೋರ್ಟು ಬಂತು."

"ಓದಿದ್ಯಾ?"

"ಓದ್ದೆ. ಚೆಂದ ಬರ್ದಿದ್ದಿ. ಸೌಟು ತೆಗೆದ್ರು ಮಾರಾಯ್ತಿ."

"ತೆಗೆದ್ರು ಅಂದ್ರೆ?"

"ಇನ್ಶೂರೆನ್ಸಿನವರು ಕಾಗದ ನೋಡಿದ್ರಂತೆ. ನಿಯಂತ್ರಣ ಇಲ್ಲ ಅಂತ ಬರ್ದಾದ ಮೇಲೆ ಅವರು ಬಿಡ್ತಾರಾ? ಈಗ ಕೀ ಇಡ್ಲಿಕ್ಕೆ ಗೋಡೆಗೆ ನಂಬರಿನ ಪೆಟ್ಟಿಗೆ ಹಾಕಿದ್ದಾರೆ. ಪುಸ್ತಕವೂ ಇಲ್ಲ. ಹಲಗೆ ವಿಷಯ ಬರ್ದದ್ದು ಒಳ್ಳೇದಾಯ್ತು. ಅದಕ್ಕೆ ಇಳಿಜಾರು ಮಾಡ್ತಾರಂತೆ. ಆದ್ರೆ ಸೌಟು ನಿಂಗೆ ಎಂತ ಮಾಡಿತ್ತು?"

ಉತ್ತರ ನನ್ನ ಬಳಿ ಇತ್ತು. ಇಳಿಜಾರು ಎಷ್ಟು ಅಗಲವಂತೆ ಎಂದು ಕೇಳಿದೆ.

ಮರುದಿನ ನಮ್ಮ ಕಚೇರಿಯ ಮುಖ್ಯಸ್ಥರ ಮುಂದೆ ಕುಳಿತು ವರದಿಯ ಆ ಭಾಗವನ್ನು ಹಿಂತೆಗೆದುಕೊಳ್ಳಬೇಕು ಎಂದೆ. ಅವರು ಶಾಂತ ಸ್ವಭಾವದ ಮನುಷ್ಯ. "ಅದರಲ್ಲಿ ಸುಳ್ಳೇನಾದರೂ ಇದೆಯಾ?" ಎಂದು ಕೇಳಿದರು.

"ಇಲ್ಲ."

"ಹಾಗಾದರೆ ಹಿಂತೆಗೆಯುವುದು ಹೇಗೆ? ನಿಜವನ್ನು ಹಿಂತೆಗೆಯಲು ನಮ್ಮಲ್ಲಿ ನಿಯಮವಿಲ್ಲ."

ಕೊನೆಗೆ ಒಪ್ಪಿದ್ದು ಇಷ್ಟಕ್ಕೆ: ಸಂಸ್ಥೆಯ ಹೆಸರಿಲ್ಲದೆ, ನನ್ನೊಬ್ಬಳ ಸಹಿಯಲ್ಲಿ ಒಂದು ಪೂರಕ ಪತ್ರ. ಸಭೆಯಲ್ಲಿ ಮಾತನಾಡುವುದಾದರೂ ನಾನು ಸಂಸ್ಥೆಯ ಪರವಾಗಿ ಮಾತನಾಡುವಂತಿಲ್ಲ. ನಾನು ತಲೆಯಾಡಿಸಿದೆ. ಸಮಿತಿಯ ಮುಂದೆ ಸಾರ್ವಜನಿಕರಿಗೆ ಸಿಗುವುದು ಮೂರು ನಿಮಿಷ. ಹಿಂದಿನ ದಿನ ಮಧ್ಯಾಹ್ನದೊಳಗೆ ಹೆಸರು ಕೊಡಬೇಕು. ಗ್ರಾಮೀಣ ಹಕ್ಕುಗಳ ಬಗ್ಗೆ ಮೊದಲೇ ಬರೆದಿಟ್ಟಿದ್ದ ಭಾಷಣವನ್ನು ಬದಿಗಿಟ್ಟು ಹೆಸರು ಕೊಟ್ಟೆ. ಹೊಸದನ್ನು ಬರೆಯಲು ಕುಳಿತರೆ ಕೈ ಮತ್ತೆ ಮತ್ತೆ ಗೆಮೆಂಟೆಯ ತಪ್ಪುಗಳತ್ತಲೇ ಓಡುತ್ತಿತ್ತು. ಮೂರನೆಯ ಸಲ ಹರಿದು ಹಾಕಿ, ಪುಸ್ತಕದಲ್ಲಿ ಓದಿದ ಕಾರಣಗಳನ್ನಷ್ಟೇ ನೆನಪಿನಿಂದ ಇಳಿಸಿದೆ.

ಸಭೆಯಲ್ಲಿ ಅವನ್ನೇ ಓದಿದೆ. ದೊಡ್ಡ ಮೇಜು, ಮಗುವಿನ ಹಾಲು, ನಾಯಿಯ ಹುಟ್ಟುಹಬ್ಬ, ಸೀದ ಕೇಕ್. ಹಿಂದಿನ ಸಾಲಿನಲ್ಲಿ ಊರವರು ನಕ್ಕರು. ನಮ್ಮ ಡಚ್ ಭವನದಲ್ಲಿ ಇವುಗಳಲ್ಲಿ ಯಾವುದಕ್ಕೂ ಅನುಮತಿ ಸಿಗದು, ಏಕೆಂದರೆ ಮೂರು ವಾರ ಮೊದಲು ಯಾರ ಕೇಕೂ ಸೀಯುವುದಿಲ್ಲ ಎಂದೆ. ಬಿಲ್ಲೆಯ ವ್ಯವಸ್ಥೆಯನ್ನು ಮೆಚ್ಚಿ ಬರೆದದ್ದು ನನ್ನ ತಪ್ಪು ಎಂದೆ. ಗೋಡೆಯ ಗಡಿಯಾರದಲ್ಲಿ ಇನ್ನೂ ಇಪ್ಪತ್ತು ಸೆಕೆಂಡು ಉಳಿದಿತ್ತು.

ವೆಟ್‌ಹೌಡರ್ ಮೈಕ್ ಒತ್ತಿದರು. "ಯಾವುದನ್ನು ನಂಬಬೇಕು? ನಿಮ್ಮ ವರದಿಯನ್ನೋ, ಈ ಮಾತನ್ನೋ?"

"ಎರಡರಲ್ಲೂ ಇರುವುದು ಅದೇ ಬೀಗದ ಕೈ. ಅದನ್ನು ನಾನು ಕೊರತೆಯ ಖಾನೆಯಲ್ಲಿ ಬರೆದೆ. ನನ್ನ ನಮೂನೆಯಲ್ಲಿ ಬೇರೆ ಖಾನೆ ಇರಲಿಲ್ಲ."

"ಅನುಭವಸ್ಥರು ನೀವು. ಹಾಗೇಕೆ ಬರೆದಿರಿ?"

"ಆ ಊರಿನ ಮೇಲೆ ನನಗೆ ಅಸೂಯೆಯಿತ್ತು."

ಈ ಸಲ ಯಾರೂ ನಗಲಿಲ್ಲ. ವೆಟ್‌ಹೌಡರ್ ತಮ್ಮ ಮುಂದಿನ ಹಾಳೆಗಳನ್ನು ಸರಿಪಡಿಸಿಕೊಂಡು, "ಅದು ವರದಿಯಲ್ಲಿ ಇರಲಿಲ್ಲ," ಎಂದರು.

ಆಮೇಲೆ ಸದಸ್ಯರೊಬ್ಬರು, ಭವನದ ಬೀಗದ ಕೈಯನ್ನು ಹಾಗೆ ತೂಗುಹಾಕಲು ಈ ಡಚ್ ಹಳ್ಳಿಯಲ್ಲಿ ಅಂಗಡಿಯೇ ಇಲ್ಲವಲ್ಲ ಎಂದು ಕೇಳಿದರು. ಅಧ್ಯಕ್ಷೆ ಕುಳಿತಲ್ಲಿಂದಲೇ ಉತ್ತರಿಸಿದರು: "ನನ್ನ ಮನೆ ಮುಂದೆ ರಸ್ತೆ ಬದಿಯಲ್ಲಿ ಮೊಟ್ಟೆಯ ಕಪಾಟು ಇದೆ. ಬೀಗವಿಲ್ಲ, ಕಾಯುವವರಿಲ್ಲ. ಇಷ್ಟು ವರ್ಷ ಮೊಟ್ಟೆಗೆ ಏನೂ ಆಗಿಲ್ಲ. ಬೀಗದ ಕೈ ಮೊಟ್ಟೆಗಿಂತ ಗಟ್ಟಿ."

ಅರ್ಜಿ, ಬಿಲ್ಲೆ ಬಿಟ್ಟು ಬೀಗದ ಕೈ, ಪುಸ್ತಕ ಇಟ್ಟು ನೋಡಲು ಸಮಿತಿ ಒಂದು ವರ್ಷ ಕೊಟ್ಟಿತು. ಒಂದೇ ಒಂದು ಮತದ ಅಂತರದಲ್ಲಿ.

ಬೇಸಿಗೆಯಲ್ಲಿ ಗೆಳತಿ ಬಂದಳು. ಟಿಲ್‌ಬರ್ಗ್ ನಿಲ್ದಾಣದಲ್ಲಿ ನನ್ನನ್ನು ಕಂಡ ಕೂಡಲೇ ಚೀಲದಿಂದ ಆ ಮರದ ಸೌಟನ್ನು ತೆಗೆದು ಕೈಗಿತ್ತಳು. "ಇನ್ನು ಅವರಿಗೆ ಬೇಡವಂತೆ. ಹಡಗಿನವ ಇದೆಂತ ಅಂತ ಕೇಳಿದ. ಆಡಳಿತದ ಉಪಕರಣ ಅಂದೆ." ಅಧ್ಯಕ್ಷೆಯ ಅಂಗಳದಲ್ಲಿ ಅವರೂ ಗೆಳತಿಯೂ ಹತ್ತು ನಿಮಿಷಗಳಲ್ಲಿ ಬಹುಕಾಲದ ಪರಿಚಿತರಂತಾದರು. ಒಬ್ಬರಿಗೆ ಡಚ್ ಬಾರದು, ಇನ್ನೊಬ್ಬರ ಇಂಗ್ಲಿಷ್ ಅರೆಬರೆ. ಇಷ್ಟು ತಿಂಗಳಿಂದ ಆ ಊರಿಗೆ ಓಡಾಡುತ್ತಿದ್ದ ನನ್ನ ಹೆಗಲ ಮೇಲೆ ಅಧ್ಯಕ್ಷೆ ಎಂದೂ ಕೈ ಇಟ್ಟಿರಲಿಲ್ಲ. ಅವಳ ಹೆಗಲ ಮೇಲೆ ಇಟ್ಟರು. ನಾನು ಡಚ್ ಭವನದ ಬೀಗದ ಕೈಯನ್ನು ಸೌಟಿಗೆ ಕಟ್ಟುವ ನೆಪದಲ್ಲಿ ತಲೆ ತಗ್ಗಿಸಿದೆ. ಅಸೂಯೆ ಒಂದು ಸಭೆಯಲ್ಲಿ ಒಪ್ಪಿಕೊಂಡ ಮಾತ್ರಕ್ಕೆ ಹೊರಟುಹೋಗುವಂಥದ್ದಲ್ಲ.

ಇಂಗ್ಲೆಂಡಿನ ಆ ಸಮಿತಿಗೆ ನಾನು ಮೂರು ಪತ್ರ ಬರೆದೆ. ಮೂರಕ್ಕೂ ಸೌಜನ್ಯದ ಉತ್ತರ ಬಂತು: ಒಮ್ಮೆ ದಾಖಲಾದದ್ದನ್ನು ವಿಮೆಯವರು ಮರೆಯುವುದಿಲ್ಲ. ಕೊನೆಗೆ ಒಂದು ಹೊಸ ನಮೂನೆಯನ್ನು ತೆಗೆದು ಆ ಊರಿನ ಹೆಸರಿನಲ್ಲಿ ತುಂಬಿದೆ. ಕೊರತೆ: ಹಾಲ್‌ನ ಬೀಗದ ಕೈ ಬಾಗಿಲ ಹಿಂದಿನ ಮೊಳೆಯಲ್ಲಿಲ್ಲ. ಹೊಣೆಗಾರರು: ಅಲ್ಲಿ ನನ್ನ ಪೂರ್ಣ ಹೆಸರು ಬರೆದೆ.

ಅಪ್ಪನ ತಿಥಿಯ ದಿನ ರಜೆ ಹಾಕಿ ಆ ಡಚ್ ಹಳ್ಳಿಗೆ ಹೋದೆ. ಮೊಟ್ಟೆಯ ಕಪಾಟಿನಿಂದ ಸೌಟು ತೆಗೆದುಕೊಂಡು, ಪುಸ್ತಕದಲ್ಲಿ ಹೆಸರು ಬರೆದು, ಕಾರಣದ ಜಾಗದಲ್ಲಿ 'ಸುಮ್ಮನೆ' ಎಂದು ಬರೆದೆ. ಭವನದಲ್ಲಿ ಕಿಟಕಿಯ ಪಕ್ಕ ಕುಳಿತೆ. ಮುಕ್ಕಾಲು ಗಂಟೆಯ ನಂತರ ಹೊರಗೆ ಸೈಕಲ್ ನಿಲ್ಲಿಸಿದ ಸದ್ದಾಯಿತು. ಅಧ್ಯಕ್ಷೆ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಬಟ್ಟೆ ಸುತ್ತಿದ ಪಾತ್ರೆ.

"ಏನು ಬರೆದಿದ್ದೀರೋ ಓದಲಾಗಲಿಲ್ಲ," ಎಂದರು. "ಅದಕ್ಕೇ ಬಂದೆ."

ಅವರು ನನ್ನೆದುರು ಕುಳಿತರು, ಏನೂ ಕೇಳಲಿಲ್ಲ. ಅದೇ ಹೊತ್ತಿಗೆ ಗೆಳತಿಯ ಊರಿನಲ್ಲಿ ಯಾರಾದರೂ ಗೋಡೆಯ ಪೆಟ್ಟಿಗೆಯ ಮುಂದೆ ನಿಂತು ನಾಲ್ಕು ಅಂಕಿಗಳನ್ನು ಒತ್ತುತ್ತಿರಬಹುದು. ಅದು ಯಾರ ಹೆಸರನ್ನೂ ಕೇಳುವುದಿಲ್ಲ, ಆದ್ದರಿಂದ ಅವರ ಹಿಂದೆ ಯಾರೂ ಬರುವುದಿಲ್ಲ. ನನ್ನ ಹೆಸರು ಬರೆದ ಆ ನಮೂನೆ ಈಗಲೂ ನನ್ನ ಮೇಜಿನಲ್ಲಿದೆ. ಸರಿಪಡಿಸಬೇಕಾದ ದಿನಾಂಕದ ಖಾನೆ ಖಾಲಿ ಇದೆ.